ಎಣ್ಣೆ ಬದಲಿಸಿದ ಹದಿನಾಲ್ಕು ದಿನ

ನನ್ನ ಗಂಡ ಮೋನಪ್ಪ ಮನೆಯಲ್ಲಿ ಕೂತು ನಾಲ್ಕು ತಿಂಗಳಾಗಿತ್ತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವರು ಹಗಲು ಹೊತ್ತು ಮನೆಯಲ್ಲಿದ್ದದ್ದನ್ನು ಒಟ್ಟು ಸೇರಿಸಿದರೂ ಅಷ್ಟಾಗಲಿಕ್ಕಿಲ್ಲ. ಸಾಂತಾಕ್ರೂಜ್ ಸ್ಟೇಷನ್ ಹತ್ತಿರ ನಮ್ಮ ಊರಿನವರದೇ ಒಂದು ಹೋಟೆಲಿನಲ್ಲಿ ಅವರು ದೊಡ್ಡ ಅಡುಗೆಯವರು. ಬೆಳಿಗ್ಗೆ ಐದಕ್ಕೆ ಹೊರಟರೆ, ಬರುವ ಹೊತ್ತಿಗೆ ನಾನು ಊಟ ಮುಗಿಸಿ ಟಿವಿ ಮುಂದೆ ತೂಕಡಿಸುತ್ತಿರುತ್ತಿದ್ದೆ. ನಾವು ಜಗಳವಿಲ್ಲದೆ ಬಾಳಿದ ಗುಟ್ಟು ಅದೇ. ಮಗಳು ಶ್ರಾವ್ಯಾ ಮದುವೆಯಾಗಿ ವಸಾಯಿಗೆ ಹೋದ ಮೇಲಂತೂ ಈ ಒಂದೂವರೆ ಕೋಣೆಯ ಮನೆಗೆ ನಾನೇ ರಾಣಿಯಾಗಿದ್ದೆ.

ಹೃದಯ ಸೋತಿದೆ ಎಂದರು ಡಾಕ್ಟರು. ಪಂಪಿಂಗ್ ಇಪ್ಪತ್ತೈದು ಪರ್ಸೆಂಟ್. ಪರೇಲಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು, ಮೈಯಲ್ಲಿ ತುಂಬಿದ ನೀರನ್ನು ಇಳಿಸಿ, ಒಂದು ಚೀಲ ಮಾತ್ರೆ ಕೊಟ್ಟು ಕಳಿಸಿದರು. ಉಪ್ಪು ಕಡಿಮೆ. ದಿನಕ್ಕೆ ಒಂದೂವರೆ ಲೀಟರ್ ನೀರು, ಅದರೊಳಗೇ ಚಹಾ, ಸಾರು, ಮಜ್ಜಿಗೆ ಎಲ್ಲ ಬರಬೇಕು. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಪುಸ್ತಕದಲ್ಲಿ ಬರೆಯಬೇಕು. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ನೀರು ಮತ್ತೆ ತುಂಬುತ್ತಿದೆ ಎಂದರ್ಥ, ತಡ ಮಾಡದೆ ಬರಬೇಕು ಎಂದಿದ್ದರು.

ಸಯನ್ನಿನ ನಮ್ಮ ಬಿಲ್ಡಿಂಗಿಗೆ ಲಿಫ್ಟಿಲ್ಲ. ಮೂರನೆಯ ಮಹಡಿಗೆ ಐವತ್ತೆಂಟು ಮೆಟ್ಟಿಲು. ಆಸ್ಪತ್ರೆಯಿಂದ ತಂದ ದಿನ ದಾರಿಯಲ್ಲಿ ಎರಡು ಕಡೆ ಕುರ್ಚಿ ಹಾಕಿ ಕೂರಿಸಿ ಕೂರಿಸಿ ಮೇಲೆ ತಂದೆವು. ಆಮೇಲೆ ತಪಾಸಣೆಗೆ ಹೋಗುವ ದಿನ ಬಿಟ್ಟರೆ ಅವರು ಇಳಿಯಲಿಲ್ಲ. ಕಿಟಕಿಯ ಗ್ರಿಲ್ಲಿನ ಹಿಂದೆ ಕೂತು ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಬಸ್ಸು ನೋಡಿ ಬೇಜಾರಾದಾಗ ನನ್ನ ಅಡುಗೆ ನೋಡಲು ಬರುತ್ತಿದ್ದರು.

"ಒಗ್ಗರಣೆ ಸೀದು ಹೋಯ್ತಲ್ಲ ಮಾರಾಯ್ತಿ. ಎಣ್ಣೆ ಹೊಗೆ ಬರುವಷ್ಟು ಕಾದ ಮೇಲೆ ಸಾಸಿವೆ ಹಾಕಿದ್ದು ಯಾಕೆ?"

"ಇಪ್ಪತ್ತೆಂಟು ವರ್ಷ ನಾನು ಹೀಗೇ ಹಾಕಿದ್ದು. ನೀವು ತಿಂದದ್ದು ಹೋಟೆಲಲ್ಲಿ, ನಿಮಗೆ ಗೊತ್ತಿಲ್ಲ ಅಷ್ಟೆ."

ಹೇಳಿದ್ದಕ್ಕೆ ಆಮೇಲೆ ನನಗೇ ಕೆಡುಕೆನಿಸುತ್ತಿತ್ತು. ಆದರೆ ದಿನಕ್ಕೆ ನಾಲ್ಕು ಸಲ ಬೆನ್ನ ಹಿಂದೆ ನಿಂತು ಏದುಸಿರು ಬಿಡುತ್ತಾ ಉಪ್ಪು, ಹುಳಿ, ಹದ ಎಂದು ಪಾಠ ಹೇಳುವ ಮನುಷ್ಯನನ್ನು ಒಂದೂವರೆ ಕೋಣೆಯಲ್ಲಿ ಎಲ್ಲಿ ಇಡುವುದು? ನಾನು ಸುಳ್ಳು ಹೇಳುವುದಿಲ್ಲ. ಮೂರನೆಯ ತಿಂಗಳ ಹೊತ್ತಿಗೆ ಇವರು ಒಮ್ಮೆ ಹೊರಗೆ ಹೋದರೆ ಸಾಕು ಎಂದು ನನಗೆ ಅನಿಸತೊಡಗಿತ್ತು.

ಅವರಿಗಂತೂ ಇನ್ನೇನೂ ಬೇಕಿರಲಿಲ್ಲ. ಹೋಟೆಲಿನ ಸೇಟ್ರ ಮಗ ಸಂದೀಪ ಒಮ್ಮೆ ಮೋಸಂಬಿ ಹಿಡಿದುಕೊಂಡು ಬಂದಿದ್ದ. ಈಗ ವ್ಯವಹಾರವೆಲ್ಲ ಅವನದೇ. "ಕಿಚನ್ ನಿಮ್ದೇ ಮೋನಪ್ಪಣ್ಣ. ಆದ್ರೆ ಆಸ್ಪತ್ರೆಯವ್ರು ಅಡ್ಡಿಲ್ಲ ಅಂತ ಒಂದು ಕಾಗದ ಕೊಡ್ಲಿ. ಒಲೆ ಮುಂದೆ ನಿಮಗೆ ಎಂತಾದ್ರೂ ಆದ್ರೆ ನಂಗೆ ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ," ಎಂದ. ಒಳ್ಳೆಯ ಹುಡುಗ, ಒಳ್ಳೆಯದಕ್ಕೇ ಹೇಳಿದ. ಅಂದಿನಿಂದ ಇವರಿಗೆ ಆ ಕಾಗದದ್ದೇ ಧ್ಯಾನವಾಯಿತು.

ಡಿಸೆಂಬರಿನಲ್ಲಿ ತಪಾಸಣೆಗೆ ಹೋದಾಗ ಸ್ನೇಹಲ್ ಎಂಬ ಡಾಕ್ಟರ್ ನಮ್ಮನ್ನು ಪಕ್ಕದ ಕೋಣೆಗೆ ಕರೆದಳು. ಮರಾಠಿ ಹುಡುಗಿ, ನಮ್ಮ ಶ್ರಾವ್ಯಾಳ ವಯಸ್ಸು. ಹೃದಯ ಸೋತವರ ಮೇಲೆ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ನಡೆಯುತ್ತಿದೆ, ನೀವೂ ಸೇರುತ್ತೀರಾ ಎಂದು ಕೇಳಿದಳು. ಆಕ್ಸಿಡೇಟಿವ್ ಸ್ಟ್ರೆಸ್ ಎಂಬ ಹೆಸರು ಹೇಳಿದಳು. ನಮ್ಮ ಮುಖ ನೋಡಿ ಪೆನ್ನು ಕೆಳಗಿಟ್ಟು, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದಲ್ಲ ಕಾಕಾ, ಹಾಗೆ ಮೈಯೊಳಗಿನ ಕೊಬ್ಬೂ ಕೆಡುತ್ತದೆ, ಎಷ್ಟು ಕೆಟ್ಟಿದೆ ಎನ್ನುವ ಗುರುತು ರಕ್ತದಲ್ಲಿ ಸಿಗುತ್ತದೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು.

ಬಾಣಲೆಯ ಎಣ್ಣೆ ನೆನಪಾಗಿ ಇವರು ಮುಂದಕ್ಕೆ ಬಾಗಿದರು. "ತೇಲ್ ಜೈಸಾ? ಕಢಾಯಿ ಕಾ ತೇಲ್ ಬಾರ್ ಬಾರ್ ಗರಮ್ ಕರ್ನೇ ಸೇ ಖರಾಬ್ ಹೋತಾ ಹೈ, ವೈಸಾ?"

"ಬರೋಬರ್ ಕಾಕಾ!" ಎಂದು ಅವಳು ನಕ್ಕಳು. ಕಾಯಿಸಿ ಕಾಯಿಸಿ ಎಣ್ಣೆ ಕಮಟಾಗಿದೆಯೇ ಎಂದು ನೋಡುವ ಪರೀಕ್ಷೆಗೂ ರಕ್ತದ ಈ ಪರೀಕ್ಷೆಗೂ ಹತ್ತಿರದ ಸಂಬಂಧವಂತೆ. ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ ಎಂದಳು. ಆಸ್ಪತ್ರೆಯಲ್ಲಿ ಯಾರಾದರೂ ಇವರನ್ನು ಹೊಗಳಿದ್ದು ಅದೇ ಮೊದಲು. ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಆಮೇಲೆ ಅವಳು ನಿಯಮ ಹೇಳಿದಳು. ಹದಿನಾಲ್ಕು ದಿನ ಬಿಟ್ಟು ರಕ್ತ ತೆಗೆಯುವುದು. ಅಷ್ಟು ದಿನ ವಿಟಮಿನ್ ಮಾತ್ರೆ, ಟಾನಿಕ್, ನೆಲ್ಲಿಕಾಯಿ ರಸ ಏನೂ ತೆಗೆದುಕೊಳ್ಳಬಾರದು, ಅದರಿಂದ ಗುರುತಿನ ಅಂಕಿ ಕೆಳಗಿಳಿದು ನಿಜ ಸಂಗತಿ ಮುಚ್ಚಿಹೋಗಬಹುದು. ಗುರುತು ಹೆಚ್ಚಿದ್ದವರಿಗೆ ತೊಂದರೆ ಬೇಗ ಮರುಕಳಿಸಬಹುದು ಎಂಬುದು ಸಂಶೋಧನೆಯವರ ಅಂದಾಜು. ಅಂಥವರನ್ನು ಹದಿನೈದು ದಿನಕ್ಕೊಮ್ಮೆ ಕರೆಸಿ ನೋಡುತ್ತಾರೆ, ನಡುವೆ ಫೋನ್ ಮಾಡುತ್ತಾರೆ. ಕಡಿಮೆ ಇದ್ದವರು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು. ಇವರು ತಲೆಯಾಡಿಸಿ ಸಹಿ ಮಾಡಿದರು.

ಮನೆಗೆ ಬಂದು, ಮೆಟ್ಟಿಲು ಹತ್ತಿದ ದಣಿವು ಆರಿದ ಮೇಲೆ ನನ್ನನ್ನು ಹತ್ತಿರ ಕರೆದರು.

"ಎಣ್ಣೆ ಬದಲಿಸ್ಬೇಕು ಮೋಹಿನಿ."

ಇದು ಏನೆಂದು ಹೋಟೆಲಿನವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಇವರ ಹೋಟೆಲಿನ ಆಚೀಚೆ ಒಂದು ಹಳೆಯ ಕ್ರಮವಿತ್ತು. ಫುಡ್ ಇನ್‌ಸ್ಪೆಕ್ಟರ್ ಅಂಧೇರಿಯಲ್ಲಿ ಒಂದು ಹೋಟೆಲಿಗೆ ಹೊಕ್ಕನೆಂದರೆ ಅಲ್ಲಿನ ದುಡ್ಡಿನ ಗಲ್ಲೆಯಿಂದ ಪಾರ್ಲೆಗೆ ಫೋನು, ಪಾರ್ಲೆಯಿಂದ ಸಾಂತಾಕ್ರೂಜಿಗೆ ಫೋನು. "ನೆಂಟರು ಹೊರಟಿದ್ದಾರೆ," ಅಷ್ಟೇ ಮಾತು. ಹತ್ತು ನಿಮಿಷದಲ್ಲಿ ವಡೆ ಕರಿಯುವ ಬಾಣಲೆಯ ಕಪ್ಪೆಣ್ಣೆ ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ, ಹೊಸ ಡಬ್ಬ ಒಡೆದು ಬಾಣಲೆಗೆ ಬೀಳುತ್ತಿತ್ತು. ಇನ್‌ಸ್ಪೆಕ್ಟರ್ ಬಂದು, ಸ್ಯಾಂಪಲ್ ತುಂಬಿಕೊಂಡು, ಮಸಾಲೆ ದೋಸೆ ತಿಂದು ಹೋಗುತ್ತಿದ್ದ. ಸ್ಯಾಂಪಲ್ ಕೆಟ್ಟದ್ದು ಬಂದ ಹೋಟೆಲಿಗೆ ಮಾತ್ರ ಅವನು ಪುನಃ ಪುನಃ ಬರುತ್ತಿದ್ದ. ಬೇಳೆ ಕಾಳಿನಲ್ಲಿ ಎಂದೂ ಮೋಸ ಮಾಡದ ನನ್ನ ಗಂಡನಿಗೆ ಇದು ಮೋಸ ಎಂದು ಒಮ್ಮೆಯೂ ಅನಿಸಿರಲಿಲ್ಲ. ನೆಂಟರು ಬರುವಾಗ ಮನೆ ಗುಡಿಸುವುದಿಲ್ಲವೇ ಎನ್ನುತ್ತಿದ್ದರು.

"ಆ ಹುಡುಗಿಯೇ ಹೇಳಿತಲ್ಲ, ವಿಟಮಿನ್ ತಿಂದ್ರೆ ಇಳೀತದೆ ಅಂತ. ಕಡಿಮೆ ಬಂದ್ರೆ ಸಂದೀಪ ಒಳಗೆ ಬಿಡ್ತಾನೆ. ಹೆಚ್ಚು ಬಂದ್ರೆ ಹದಿನೈದು ದಿನಕ್ಕೊಮ್ಮೆ ಎಳ್ಕೊಂಡು ಹೋಗ್ತಾರೆ, ಯಾರಿಗೆ ಬೇಕು?"

"ತಿನ್ಬಾರ್ದು ಅಂತ ಹೇಳಿದ್ದು ಅವಳು."

"ಇನ್‌ಸ್ಪೆಕ್ಟರ್ ಎಣ್ಣೆ ಬದಲಿಸಿ ಅಂತ ಹೇಳ್ತಾನಾ?"

ನಾನು ಬೈದು ಕೂರಿಸಬಹುದಿತ್ತು. ಅಷ್ಟು ಬಾಯಿ ನನಗಿದೆ. ಆದರೆ ನನ್ನ ಅಡುಗೆಮನೆ ನನಗೆ ವಾಪಸು ಬೇಕಿತ್ತು. ಚೀಲ ಹಿಡಿದು ಇಳಿದೆ. ಕೆಳಗಿನ ಮೆಡಿಕಲ್ ಅಂಗಡಿಯ ಅನಿಲ ಏನೂ ಕೇಳದೆ ಹಸಿರು ಕ್ಯಾಪ್ಸೂಲು, ಕಿತ್ತಳೆ ಬಣ್ಣದ ಚೀಪುವ ಗುಳಿಗೆ, ಒಂದು ಬಾಟಲಿ ನೆಲ್ಲಿಕಾಯಿ ರಸ ಕಟ್ಟಿಕೊಟ್ಟ. ಹದಿನಾಲ್ಕು ದಿನ ಅವನ್ನು ನನ್ನ ಕೈಯಾರೆ ಕೊಟ್ಟೆ.

ರಕ್ತ ತೆಗೆಯುವ ಮೊದಲು ಸ್ನೇಹಲ್ ಕೇಳಿದಳು, ಏನೂ ತೆಗೆದುಕೊಂಡಿಲ್ಲವಲ್ಲ ಎಂದು. ಇವರು ಕಣ್ಣು ಮಿಟುಕಿಸದೆ ಇಲ್ಲ ಎಂದರು. ಅವಳು ನನ್ನ ಕಡೆ ತಿರುಗಿದಳು. "ಕಾಕೂ, ಕುಛ್ ನಹೀ ನಾ?" ನಾನು ಕುತ್ತಿಗೆಯ ಸರ ಸರಿಮಾಡಿಕೊಳ್ಳುತ್ತಾ ಇಲ್ಲ ಎಂದೆ.

ಗುರುತು ಕಡಿಮೆ ಬಂತು, ತುಂಬಾ ಕಡಿಮೆ. ಮುಂದಿನ ಭೇಟಿ ಮೂರು ತಿಂಗಳ ನಂತರ ಎಂದು ಬರೆದ ಕಾಗದ ಕೊಟ್ಟರು. ಇವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಸಂದೀಪನ ಮುಂದೆ ಇಟ್ಟರು. ಅದು ಕೆಲಸಕ್ಕೆ ಹೋಗಬಹುದೆಂಬ ಕಾಗದವಲ್ಲ. ಅವನಿಗೆ ಅದರ ತಲೆಬುಡ ತಿಳಿಯಲಿಲ್ಲ, 'ಅಪಾಯ ಕಡಿಮೆ' ಎಂಬ ಅರ್ಥದ ಒಂದು ಸಾಲು ಕಂಡಿತು, ಸಂತೋಷಪಟ್ಟ. ಎರಡು ಹೊತ್ತು ಬೇಡ, ಹನ್ನೆರಡರಿಂದ ಆರರವರೆಗೆ ಬನ್ನಿ ಎಂದ.

ಮೊದಲ ವಾರ ನಮ್ಮ ಮನೆಯಲ್ಲಿ ಹಬ್ಬ. ಇವರು ಮೆಟ್ಟಿಲನ್ನು ನಿಧಾನವಾಗಿ ಇಳಿದು, ಲೋಕಲ್ ಹಿಡಿದು, ದಾದರಿನಲ್ಲಿ ಸೇತುವೆ ಹತ್ತಿ ಬದಲಿಸಿ ಹೋಗುತ್ತಿದ್ದರು. ಬರುವಾಗ ಶರ್ಟಿನಲ್ಲಿ ಸಾಂಬಾರಿನ ವಾಸನೆ. ನಾನು ಮಧ್ಯಾಹ್ನ ಕಾಲು ಚಾಚಿ ಮಲಗಿ, ಫ್ಯಾನಿನ ಸದ್ದು ಕೇಳುತ್ತಾ, ಆಹಾ ಎಂದುಕೊಂಡೆ. ನನಗೆ ಆ ಸುಖ ಸಿಕ್ಕಿದ್ದು ಎಂಟೋ ಒಂಬತ್ತೋ ದಿನ.

ಆಮೇಲೆ, ಅಡ್ಡಾದರೆ ಉಸಿರು ಕಟ್ಟುತ್ತದೆಂದು, ದಿಂಬು ಎರಡರಿಂದ ಮೂರಾಯಿತು. ಚಪ್ಪಲಿಯ ಪಟ್ಟಿ ಕಾಲಿನಲ್ಲಿ ಗುಳಿ ಬೀಳಿಸತೊಡಗಿತು. ಸ್ನಾನ ಮಾಡಿ ಬಂದು ಬನಿಯನ್ ಹಾಕುವ ಮೊದಲು ಐದು ನಿಮಿಷ ಮಂಚದ ಅಂಚಿನಲ್ಲಿ ಕೂರುತ್ತಿದ್ದರು. ತೂಕದ ಪುಸ್ತಕ ನೋಡಿದರೆ ದಿನಾ ಅರವತ್ತೊಂದು, ಅರವತ್ತೊಂದು, ಅರವತ್ತೊಂದು. ನನಗೆ ಸಂಶಯ ಬಂತು. ಒಂದು ಬೆಳಿಗ್ಗೆ ಅವರು ಕಾಟಾದ ಮೇಲೆ ನಿಂತಿದ್ದಾಗ ಹಿಂದಿನಿಂದ ಹೋಗಿ ನೋಡಿದೆ. ಅರವತ್ತೈದೂವರೆ.

"ಇದು ಎಂತದು?"

"ಕಾಟಾ ಹಾಳಾಗಿದೆ."

"ನಾನು ನಿಲ್ತೇನೆ, ನೀವು ಇಳೀರಿ." ನಿಂತೆ. ನನ್ನ ತೂಕ ಎಂದಿನಷ್ಟೇ ಇತ್ತು.

ಅವರು ಗೋಡೆಗೆ ಒರಗಿದರು. "ಹೇಳ್ಬೇಡ ಮೋಹಿನಿ. ಕಾಲು ಹಿಡೀತೇನೆ. ಅಲ್ಲಿ ನಿಂತಾಗ ನಂಗೆ ಉಸಿರು ಬರ್ತದೆ. ಇಲ್ಲಿ ಈ ಕಿಟಕಿ ಹತ್ರ ಕೂತ್ರೆ ಇರುವ ಉಸಿರೂ ಹೋಗ್ತದೆ."

ಕಾಲು ಹಿಡಿಯುತ್ತೇನೆ ಎಂದ ಗಂಡನನ್ನು ನಾನು ಏನು ಮಾಡಲಿ? ಸಿಟ್ಟು ಬಂತು, ಅಳುವೂ ಬಂತು. ಅವರೆದುರಿಗೇ ಸಂಶೋಧನೆಯ ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆಚೆ ಕಡೆಯ ಹುಡುಗ ಪಟ್ಟಿ ನೋಡಿ, ನಿಮ್ಮದು ಮಾರ್ಚ್ ಇಪ್ಪತ್ತಕ್ಕೆ ಇದೆಯಲ್ಲ, ಪೇಶಂಟಿಗೆ ಕೊಡಿ ಎಂದ. ಇವರು ಫೋನ್ ತೆಗೆದುಕೊಂಡು, ಹೊಟ್ಟೆಯೊಳಗಿನ ಗಾಳಿಯನ್ನೆಲ್ಲ ಒಟ್ಟು ಮಾಡಿ, "ಏಕ್‌ದಮ್ ಫಸ್ಟ್ ಕ್ಲಾಸ್!" ಎಂದು ಕೂಗಿದರು. ಹುಡುಗ ನಕ್ಕು ಇಟ್ಟುಬಿಟ್ಟ. ಫೋನ್ ನನ್ನ ಕೈಗೆ ಕೊಟ್ಟು ಇವರು ಅರ್ಧ ಗಂಟೆ ಗೋಡೆಗೆ ಒರಗಿ ಉಸಿರು ಎಳೆದುಕೊಂಡರು. ಆಮೇಲೆ ಎದ್ದು ಕೆಲಸಕ್ಕೆ ಹೋದರು.

ನಾನು ಎರಡು ದಿನ ಹಾಗೇ ಇದ್ದೆ. ಹೇಳಿದರೆ ಅವರನ್ನು ಒಲೆಯಿಂದ ಕಿತ್ತು ಮೂರನೆಯ ಮಹಡಿಯಲ್ಲಿ ಹಾಕಿದಂತೆ. ಹೇಳದಿದ್ದರೆ ಇದೇ ಚಪ್ಪಲಿಯಲ್ಲಿ ದಾದರಿನ ಸೇತುವೆ ಮೇಲೆ ಬೀಳುತ್ತಾರೆ. ಯಾರನ್ನಾದರೂ ಕೇಳೋಣವೆಂದರೆ, ಸುಳ್ಳಿನಲ್ಲಿ ನನ್ನದೂ ಅರ್ಧ ಪಾಲು. ಶ್ರಾವ್ಯಾಳಿಗೆ ಹೇಳಲು ಎರಡು ಸಲ ಫೋನ್ ಎತ್ತಿದೆ, ಎರಡೂ ಸಲ ಊಟ ಆಯಿತಾ ಎಂದು ಕೇಳಿ ಇಟ್ಟೆ. ಮೂರನೆಯ ದಿನ ಇವರು ಐವತ್ತೆಂಟು ಮೆಟ್ಟಿಲು ಇಳಿಯುವ ಸದ್ದನ್ನು ಬಾಗಿಲಲ್ಲಿ ನಿಂತು ಕೇಳಿದೆ. ನಡುವೆ ನಾಲ್ಕು ಸಲ ಸದ್ದು ನಿಂತಿತು. ಇಳಿಯುವವರು ದಣಿಯುತ್ತಾರೆಯೇ? ಸೀರೆ ಬದಲಿಸಿ ಪರೇಲಿಗೆ ಹೋದೆ.

ಸ್ನೇಹಲ್ ಅದೇ ಕೋಣೆಯಲ್ಲಿದ್ದಳು. ನಾನು ಕೂರದೆ, ನಿಂತೇ ಎಲ್ಲ ಹೇಳಿದೆ. ಕ್ಯಾಪ್ಸೂಲು, ಗುಳಿಗೆ, ನೆಲ್ಲಿಕಾಯಿ ರಸ, ತೂಕದ ಪುಸ್ತಕ, ಫಸ್ಟ್ ಕ್ಲಾಸ್. ನನ್ನ ಹಿಂದಿ ಮೊದಲೇ ಅಷ್ಟಕ್ಕಷ್ಟೆ, ನಾಚಿಕೆಯಲ್ಲಿ ಅದೂ ತಪ್ಪಿ ನಡುನಡುವೆ ತುಳು ಬರುತ್ತಿತ್ತು. ಬೈದರೆ ಬೈಯಲಿ ಎಂದು ಕಾದೆ.

ಅವಳು ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಏನೋ ತೆಗೆದು ಬಹಳ ಹೊತ್ತು ನೋಡಿದಳು. ಕಾಕಾ ಅಡ್ಮಿಟ್ ಆಗಿದ್ದಾಗಿನ ರಕ್ತವೂ ನಮ್ಮಲ್ಲಿತ್ತು, ಆ ವಾರ್ಡಿನಲ್ಲೇ ಅತಿ ಹೆಚ್ಚು ಅವರದು ಎಂದಳು. ಇವರನ್ನು ಹದಿನೈದು ದಿನಕ್ಕೊಮ್ಮೆ ನೋಡಲೇಬೇಕೆಂದು ಅವಳು ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದಳಂತೆ. ಆಮೇಲೆ ಇಷ್ಟು ಕಡಿಮೆ ಬಂದಾಗ, ತನ್ನ ಅಂದಾಜೇ ತಪ್ಪಿರಬೇಕು ಎಂದುಕೊಂಡು ಮೂರು ತಿಂಗಳ ಪಟ್ಟಿಗೆ ಹಾಕಿದಳಂತೆ.

"ಉಸ್ ನಂಬರ್ ಸೇ ಮೈ ದವಾಯಿ ನಹೀ ದೇತೀ ಕಾಕೂ," ಎಂದಳು. ಆ ಸಂಖ್ಯೆ ನೋಡಿ ಯಾರೂ ಔಷಧಿ ಕೊಡುವುದಿಲ್ಲ, ಅದು ಇನ್ನೂ ಸಂಶೋಧನೆಯ ಮಾತು. ಹೆಚ್ಚು ಬಂದಿದ್ದರೆ ಹದಿನೈದು ದಿನಕ್ಕೊಮ್ಮೆ ನಾನು ಅವರ ಕಾಲು ನೋಡುತ್ತಿದ್ದೆ, ಊತ ಕಂಡ ದಿನವೇ ಮಾತ್ರೆ ಹೆಚ್ಚಿಸುತ್ತಿದ್ದೆ, ಅಷ್ಟೇ. ಈಗ ಸಂಖ್ಯೆ ಹಾಳಾಗಿ ಹೋಗಲಿ, ಅವರನ್ನು ಕರೆದು ತನ್ನಿ, ಇವತ್ತೇ, ರೈಲಿನಲ್ಲಿ ಬೇಡ ಎಂದಳು.

ಇನ್‌ಸ್ಪೆಕ್ಟರ್ ಪುನಃ ಬಾರದಿರಲಿ ಎಂದು ನಾವು ಎಣ್ಣೆ ಬದಲಿಸಿದ್ದೆವು. ಹಾಗೆ ಬಾರದೆ ಹೋದದ್ದು ಇವರ ಕಾಲು ನೋಡಬೇಕಾಗಿದ್ದ ಈ ಹುಡುಗಿ. ಪ್ರಭಾದೇವಿ ಸ್ಟೇಷನ್ನಿಗೆ ನಡೆಯುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಸಾಂತಾಕ್ರೂಜಿನಲ್ಲಿ ಇಳಿದಾಗ ನಾಲ್ಕು ಗಂಟೆ. ಅದು ವಡೆಯ ಹೊತ್ತು. ಗಲ್ಲೆಯಲ್ಲಿದ್ದ ಸಂದೀಪ ನನ್ನನ್ನು ನೋಡಿ, "ಅಕ್ಕಾ, ನೀವು ಇಲ್ಲಿ?" ಎಂದು ಎದ್ದ. ನಾನು ನೇರ ಕಿಚನ್ನಿಗೆ ನಡೆದೆ. ಇಷ್ಟು ವರ್ಷದಲ್ಲಿ ನಾನು ಆ ಕಿಚನ್ ನೋಡಿದ್ದು ಅದೇ ಮೊದಲು. ಕಿಟಕಿಯೇ ಇಲ್ಲ. ಒಲೆಗಳ ಬಿಸಿಗೆ ಬಾಗಿಲಲ್ಲೇ ಮುಖ ಸುಟ್ಟಿತು. ಈ ಗೂಡಿನಲ್ಲಿ ಇವರಿಗೆ ಉಸಿರು ಬರುತ್ತದಂತೆ!

ಇವರು ಬಾಣಲೆಯ ಮುಂದೆ ಎಣ್ಣೆ ಡಬ್ಬದ ಮೇಲೆ ಕೂತಿದ್ದರು. ಜಾಲರಿ ಸೌಟು ಕೈಯಲ್ಲಿತ್ತು. ಚಪ್ಪಲಿಯ ಪಟ್ಟಿಯನ್ನು ಬ್ಲೇಡಿನಲ್ಲಿ ಕೊಯ್ದು ಸಡಿಲ ಮಾಡಿಕೊಂಡಿದ್ದರು. ಹಿಟ್ಟು ತಟ್ಟುವವನಿಗೆ ತೂತು ದೊಡ್ಡದಾಯಿತು ಎಂದು ಹೇಳಲು ಎರಡು ಉಸಿರು ತೆಗೆದುಕೊಂಡರು. ಆದರೆ ಆ ಮುಖದಲ್ಲಿದ್ದ ಸಂತೋಷವನ್ನು ನಾನು ನಮ್ಮ ಮನೆಯಲ್ಲಿ ಎಂದೂ ನೋಡಿರಲಿಲ್ಲ, ಮದುವೆಯ ಹೊಸತರಲ್ಲೂ ಇಲ್ಲ.

ನನ್ನನ್ನು ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

"ಹೇಳಿದಿಯಾ?"

"ಹೇಳಿದೆ. ಎಲ್ಲ ಹೇಳಿದೆ. ಏಳಿ, ಟ್ಯಾಕ್ಸಿ ಮಾಡುವ."

"ಬಾಣಲೆಗೆ ಬಿಟ್ಟ ಈ ಘಾಣ ಒಂದು ಮುಗೀಲಿ."

ಬಾಣಲೆಯಲ್ಲಿ ಹನ್ನೆರಡು ವಡೆ ತೇಲುತ್ತಿದ್ದವು. ಅವರು ಒಂದೊಂದನ್ನೇ ಮಗುಚಿದರು. ನಾನು ಕಾದೆ. ಅವು ಕೆಂಪಾದವು, ತೆಗೆದು ತಟ್ಟೆಗೆ ಹಾಕಿದರು, ಹಾಕಿ ಹಿಟ್ಟಿನವನಿಗೆ ಇನ್ನೂ ಹನ್ನೆರಡು ತಟ್ಟಲು ಕೈಸನ್ನೆ ಮಾಡಿದರು. ನನ್ನ ಹಿಂದೆಯೇ ಬಂದು ನಿಂತಿದ್ದ ಸಂದೀಪ, "ಎಂತ ಹೇಳಿದ್ದು ಅಕ್ಕ? ಎಂತ ಆಯ್ತು?" ಎಂದ.

"ನಿನಗೆ ತೋರಿಸಿದ ಕಾಗದ ಸುಳ್ಳು. ಮಾತ್ರೆ ತಿಂದು ಕಡಿಮೆ ಮಾಡಿದ್ದು, ನಾನೇ ತಂದು ಕೊಟ್ಟದ್ದು. ಇವರ ಕಾಲು ನೋಡು."

ಸಂದೀಪ ನೋಡಿದ. ಬಗ್ಗಿ ಗ್ಯಾಸಿನ ಕೀಲಿ ತಿರುಗಿಸಿದ. ಬಾಣಲೆಯ ಕೆಳಗಿನ ಬೆಂಕಿ ಆರಿತು. ಇವರು ಆರಿದ ಒಲೆಯನ್ನು ನೋಡಿದರು, ಸಂದೀಪನನ್ನು ನೋಡಿದರು. ಸೌಟನ್ನು ಬಾಣಲೆಯ ಅಂಚಿನಲ್ಲಿ ಅಡ್ಡ ಇಟ್ಟರು. ಅಷ್ಟು ಜನರೆದುರು ಕಣ್ಣಿನಲ್ಲಿ ನೀರು ಬಂದದ್ದನ್ನು ಒರೆಸಿಕೊಳ್ಳಲಿಲ್ಲ.

ಏಳಲು ನನ್ನ ಹೆಗಲು ಹಿಡಿದರು. ಹಿಡಿದದ್ದು ಬಲವಾಗಿಯೇ ಇತ್ತು. ಗಲ್ಲೆ ದಾಟಿ ಹೊರಗೆ ಬರಲು ಹತ್ತು ನಿಮಿಷ ಹಿಡಿಯಿತು. ಸಂದೀಪ ಓಡಿಹೋಗಿ ಟ್ಯಾಕ್ಸಿ ತಂದ. ಅವರನ್ನು ಒಳಗೆ ಕೂರಿಸಿ ನಾನು ಪಕ್ಕದಲ್ಲಿ ಕೂತಾಗ ಅವರು ನನ್ನ ಕೈ ಹಿಡಿದುಕೊಂಡು ತಡೆತಡೆದು ಹೇಳಿದರು.

"ಎಲ್ಲಿಗಾದ್ರೂ ಕರ್ಕೊಂಡು ಹೋಗು ಮೋಹಿನಿ. ಮನೆಗೆ ಮಾತ್ರ ಬೇಡ."

ಮನೆ ಎಂದರೆ ಗ್ರಿಲ್ಲು, ಮೆಟ್ಟಿಲು, ಅಳೆದ ನೀರು. ಮನೆ ಎಂದರೆ ನಾನು ಕೂಡ. ಅವರು ಹಾಗೆ ಯೋಚಿಸಿ ಹೇಳಿದ್ದಲ್ಲ. ಇಪ್ಪತ್ತೆಂಟು ವರ್ಷ ನಾನು ಅದೇ ಮನೆಯಲ್ಲಿ ಇದ್ದೇನೆ. ನಿನ್ನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಯಾರೂ ಕೇಳಿದ್ದಿಲ್ಲ. ಇದನ್ನೆಲ್ಲ ಹೇಳಿ ಜಗಳ ಮಾಡುವ ಹೊತ್ತು ಅದಾಗಿರಲಿಲ್ಲ.

"ಮನೆಗಲ್ಲ, ಪರೇಲಿಗೆ," ಎಂದೆ.

"ಆಮೇಲೆ?"

ನಾನು ಸುಳ್ಳು ಹೇಳಬಹುದಿತ್ತು. ಅವತ್ತಿಗೆ ಸುಳ್ಳು ಸಾಕಾಗಿತ್ತು.

"ಆಮೇಲೆ ಮನೆಗೇ," ಎಂದೆ. "ನಾವಿಬ್ಬರೇ."

ಅವರು ಕೈ ಬಿಡಿಸಿಕೊಂಡು ಆಚೆ ಕಿಟಕಿಯ ಕಡೆ ಮುಖ ಮಾಡಿದರು. ಟ್ಯಾಕ್ಸಿ ಹೈವೇಯ ಟ್ರಾಫಿಕ್ಕಿನಲ್ಲಿ ನಿಂತಿತ್ತು, ಮುಂದೆಯೂ ಹಿಂದೆಯೂ ಗಾಡಿಗಳು. ನಾನು ಅವರ ಎದೆಯನ್ನು ನೋಡುತ್ತಾ ಕೂತೆ. ಅದು ಏರಬೇಕು, ಇಳಿಯಬೇಕು, ಈ ಮನುಷ್ಯ ಬದುಕಿ ಬಂದು ಇನ್ನೂ ಹತ್ತು ವರ್ಷ ನನ್ನ ಬೆನ್ನ ಹಿಂದೆ ನಿಂತು ಒಗ್ಗರಣೆ ಸೀದಿತು ಎನ್ನಬೇಕು ಎಂದು ಬೇಡಿಕೊಂಡೆ. ಅವರಿಗೆ ಅದು ಬೇಡವಾಗಿತ್ತು ಎಂಬುದು ಗೊತ್ತಿದ್ದೇ ಬೇಡಿಕೊಂಡೆ.